ಆಕ್ಸಿಮೀಟರ್ 98 ಅನ್ನುತ್ತದೆ, ಅಮ್ಮ ಮಾತ್ರ ದಿಬ್ಬ ಹತ್ತಲಾರಳು

ಕಾಫಿತೋಟ (ಸೋಮವಾರ ರಾತ್ರಿ)
ಎಲ್ಲರಿಗೂ ನಮಸ್ಕಾರ. ನಮ್ಮೂರು ಸಕಲೇಶಪುರದ ಹತ್ತಿರ. ಅಮ್ಮನಿಗೆ 58 ವರ್ಷ. ಒಂದೂವರೆ ತಿಂಗಳಿಂದ ಸುಸ್ತು. ತೋಟದ ದಿಬ್ಬ ಹತ್ತಿದರೆ ಏದುಸಿರು, ಎದೆ ಡವಡವ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದೆ. ಬೆರಳಿಗೆ ಸಿಕ್ಕಿಸಿದರೆ 98. ಬೆಳಿಗ್ಗೆಯೂ 98, ದಿಬ್ಬ ಹತ್ತಿ ಬಂದು ಕೂತಾಗಲೂ 98. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವರೂ ಅದನ್ನೇ ನೋಡಿ, "ಆಕ್ಸಿಜನ್ ಚೆನ್ನಾಗಿದೆ, ವಯಸ್ಸಾಯ್ತಲ್ಲ" ಎಂದು ಕಳಿಸಿದರು.

ನಾನೇ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 7.2 ಬಂದಿದೆ. ಈಗ ನನಗೆ ತಲೆ ಓಡುತ್ತಿಲ್ಲ. ಆಕ್ಸಿಜನ್ ಹೊರುವುದೇ ಹಿಮೋಗ್ಲೋಬಿನ್ ಅಂತಾರೆ. ಅದು ಅರ್ಧಕ್ಕೆ ಇಳಿದರೂ ಮೀಟರ್ 98 ಹೇಗೆ ತೋರಿಸುತ್ತದೆ? ಮೀಟರ್ ಕೆಟ್ಟಿದೆಯಾ, ರಿಪೋರ್ಟ್ ತಪ್ಪಾ?

ಕರಾವಳಿ ಕಾಕಾ
ಚೀನಾ ಮೀಟರ್ ಇರಬೇಕು. ನಮ್ಮ ಮನೆಯದ್ದು ಪೆನ್ಸಿಲ್ಲಿಗೆ ಸಿಕ್ಕಿಸಿದರೂ 97 ತೋರಿಸುತ್ತಿತ್ತು.

ಲ್ಯಾಬ್‌ನವಳು
ಕಾಕಾ, ನಿಮ್ಮದನ್ನು ಮೊದಲು ಬಿಸಾಕಿ. ಕಾಫಿತೋಟ ಅವರೇ, ನಿಮ್ಮ ಮೀಟರ್ ಸರಿ ಇದೆ. ರಿಪೋರ್ಟೂ ಸರಿ ಇದೆ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿವೆ, ಅಷ್ಟೆ.

ನಾನು ಮಂಡ್ಯ ಕಡೆಯವಳು, ಹಾಲಿನ ಲೆಕ್ಕದಲ್ಲಿ ಹೇಳುತ್ತೇನೆ. ಡೇರಿಯಿಂದ ದಿನಾ ನೂರು ಕ್ಯಾನ್ ಹಾಲು ಹೋಗುತ್ತದೆ ಎನ್ನಿ. 98 ಕ್ಯಾನ್ ತುಂಬಿದ್ದರೆ ಶೇಕಡಾ 98. ನಾಳೆ ಐವತ್ತೇ ಕ್ಯಾನ್ ಇವೆ, ಅದರಲ್ಲಿ 49 ತುಂಬಿವೆ. ಆಗಲೂ ಶೇಕಡಾ 98. ಆದರೆ ಹಾಲು ಅರ್ಧ! ಆಕ್ಸಿಮೀಟರ್ ನೋಡುವುದು ಕ್ಯಾನ್ ತುಂಬಿದೆಯಾ ಇಲ್ಲವಾ ಎಂದು ಮಾತ್ರ. ಕ್ಯಾನ್ ಎಷ್ಟಿವೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕ್ಯಾನ್ ಎಣಿಸಲು ರಕ್ತವನ್ನೇ ತೆಗೆಯಬೇಕು.

ಅಮ್ಮನ ಶ್ವಾಸಕೋಶ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಬಂದ ಕ್ಯಾನನ್ನೆಲ್ಲ ತುಂಬಿ ಕಳಿಸುತ್ತಿದೆ. ಕ್ಯಾನ್‌ಗಳೇ ಕಡಿಮೆ.

ಸೆಕೆಂಡ್ ಪಿಯು
ಅಕ್ಕ, ಸೂಪರ್! ನಮ್ಮ ಪುಸ್ತಕದಲ್ಲಿ ಇರುವುದು ಇಷ್ಟೇ: 97% ಆಕ್ಸಿಜನ್ ಕೆಂಪು ರಕ್ತಕಣದಲ್ಲಿ, 3% ಪ್ಲಾಸ್ಮಾದಲ್ಲಿ (ರಕ್ತದ ನೀರಿನಂಥ ಭಾಗ) ಕರಗಿ ಹೋಗುತ್ತದೆ. ಉರು ಹೊಡೆದಿದ್ದೇನೆ, ಅರ್ಥ ಆಗಿಲ್ಲ. ರಕ್ತದಲ್ಲಿ ನೀರೇ ಜಾಸ್ತಿ ಇದೆಯಲ್ಲ, ಅದರಲ್ಲೇ ಕರಗಿ ಹೋದರೆ ಏನು ಕಷ್ಟ?

ಮಂಪರು ಡಾಕ್ಟರ್
ಒಳ್ಳೆಯ ಪ್ರಶ್ನೆ ಮರಿ. ನಾನು ಅರಿವಳಿಕೆ ಕೊಡುವವನು, ನನಗೆ ದಿನಾ ಈ ಲೆಕ್ಕವೇ ಊಟ. ಹಾಗಾಗಿ ಅಂಕಿ ಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದರೆ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹಿಡಿಯುತ್ತದೆ. 100 ಮಿಲಿ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಹತ್ತಿರ ಹತ್ತಿರ 20 ಮಿಲಿ ಆಕ್ಸಿಜನ್ ಆಯಿತು. ನೀರಿನಲ್ಲಿ ಸುಮ್ನೆ ಕರಗಿ ಹೋಗುವುದು ಅದೇ 100 ಮಿಲಿಯಲ್ಲಿ 0.3 ಮಿಲಿ ಮಾತ್ರ.

ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿ ಆಕ್ಸಿಜನ್ ಬೇಕು. ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳುತ್ತದೆ. ಅಂದರೆ 1000 ಮಿಲಿ ಆಕ್ಸಿಜನ್ ಹೊರಡುತ್ತದೆ, ಕಾಲು ಭಾಗ ಖರ್ಚಾಗುತ್ತದೆ, ಮುಕ್ಕಾಲು ಭಾಗ ವಾಪಸ್ ಬರುತ್ತದೆ. ಆ ಮುಕ್ಕಾಲು ನಮ್ಮ ಗಂಟು. ಓಡುವಾಗ, ಜ್ವರ ಬಂದಾಗ ಅದರಿಂದ ತೆಗೆಯುತ್ತೇವೆ. ಹಿಮೋಗ್ಲೋಬಿನ್ ಇಲ್ಲದೆ ಬರೀ ಕರಗಿದ ಆಕ್ಸಿಜನ್ನಲ್ಲೇ ಬದುಕಬೇಕು ಎಂದರೆ ಹೃದಯ ನಿಮಿಷಕ್ಕೆ 80 ಲೀಟರಿಗಿಂತ ಜಾಸ್ತಿ ತಳ್ಳಬೇಕು, ಅದೂ ಕೂತಲ್ಲೇ.

ಈಗ ಕಾಫಿತೋಟದ ಅಮ್ಮ. ಹಿಮೋಗ್ಲೋಬಿನ್ 7.2. ಅವರ 100 ಮಿಲಿ ರಕ್ತದಲ್ಲಿ ಆಕ್ಸಿಜನ್ 10 ಮಿಲಿಯೂ ಇಲ್ಲ. ನಿಮಿಷಕ್ಕೆ ಹೊರಡುವುದು 1000 ಅಲ್ಲ, 500ರ ಒಳಗೆ. ಕೂತಾಗ ಹೇಗೋ ನಡೆಯುತ್ತದೆ. ದಿಬ್ಬ ಹತ್ತಿದರೆ ಗಂಟಿನಲ್ಲಿ ಕಾಸಿಲ್ಲ. ಆಗ ಹೃದಯ ಇರುವ ಕ್ಯಾನ್‌ಗಳನ್ನೇ ಎರಡೆರಡು ಸಲ ಓಡಿಸುತ್ತದೆ. ಎದೆ ಡವಡವ ಎನ್ನುವುದು ಅದಕ್ಕೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 58 ವರ್ಷಕ್ಕೆ ಮುಟ್ಟು ನಿಂತಿರುತ್ತದೆ. ಆಮೇಲೆ ರಕ್ತ ಇಷ್ಟು ಕಡಿಮೆಯಾದರೆ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಮೊಣಕಾಲು ನೋವಿಗೆ ಮಾತ್ರೆ ತಿನ್ನುತ್ತಾರಾ? ಮಲ ಕಪ್ಪಗೆ ಹೋಗುತ್ತಿದೆಯಾ? ಕೇಳಿ. ಇದೇ ವಾರ ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ.

ಕಾಫಿತೋಟ
ಡಾಕ್ಟ್ರೇ, ಕೈ ನಡುಗಿತು ಓದಿ. ಮೊಣಕಾಲಿಗೆ ಅಂಗಡಿಯಿಂದ ಮಾತ್ರೆ ತಂದು ಎರಡು ವರ್ಷದಿಂದ ತಿನ್ನುತ್ತಿದ್ದಾಳೆ. ಕಪ್ಪಗೆ ಹೋಗುವುದು ಕೇಳಿದರೆ ನಾಚಿಕೊಂಡು ಬೈದಳು, ಆಮೇಲೆ ಹೌದು ಅಂದಳು. ಬುಧವಾರ ಹಾಸನಕ್ಕೆ ಹೋಗುತ್ತೇವೆ.

ಅಲ್ಲಿಯ ತನಕ ತಲೆಯಲ್ಲಿ ಇನ್ನೊಂದು ಹುಳ. ಕ್ಯಾನ್ ವಾಪಸ್ ಬರುವಾಗ ಅದರಲ್ಲೇ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಬರುತ್ತದೆ ಅಲ್ವಾ? ಹಾಗಾದರೆ ಕ್ಯಾನ್ ಕಡಿಮೆ ಇದ್ದರೆ ಆ ಕೆಟ್ಟ ಗಾಳಿಯೂ ಮೈಯಲ್ಲೇ ಉಳಿಯುವುದಿಲ್ಲವಾ?

ಕರಾವಳಿ ಕಾಕಾ
ಅದಕ್ಕೇ ಅಲ್ಲವಾ ಶುದ್ಧ ರಕ್ತ, ಅಶುದ್ಧ ರಕ್ತ ಅನ್ನುವುದು. ಕೆಂಪು ಶುದ್ಧ, ನೀಲಿ ಅಶುದ್ಧ. ಕೈ ಮೇಲಿನ ನರ ನೋಡಿ, ನೀಲಿ ಕಾಣುತ್ತದೆ.

ಲ್ಯಾಬ್‌ನವಳು
ಕಾಕಾ, ನಾನು ಹತ್ತು ವರ್ಷದಿಂದ ರಕ್ತ ಎಳೆಯುತ್ತಿದ್ದೇನೆ. ಎಳೆಯುವುದೆಲ್ಲ ನೀವು ನೀಲಿ ಅನ್ನುವ ಆ ರಕ್ತನಾಳದಿಂದಲೇ. ಒಂದು ದಿನವೂ ನೀಲಿ ರಕ್ತ ಬಂದಿಲ್ಲ. ನಿಮ್ಮ ಕಡೆಯ ಪುನರ್ಪುಳಿ ಶರಬತ್ತು ಗಟ್ಟಿ ಮಾಡಿದರೆ ಹೇಗಿರುತ್ತದೋ ಆ ಬಣ್ಣ, ಕಡುಗೆಂಪು. ಚರ್ಮದ ಮೂಲಕ ಬೆಳಕು ಹೋಗಿ ಬರುವ ರೀತಿಯಿಂದ ನೀಲಿ ಕಾಣುತ್ತದೆ. ಮತ್ತೆ ಅದು ನರ ಅಲ್ಲ!

ನಿವೃತ್ತ ಮೇಷ್ಟ್ರು (ಮಂಗಳವಾರ ಬೆಳಿಗ್ಗೆ)
ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. "ಅಶುದ್ಧ ರಕ್ತ" ಎಂಬ ಮಾತನ್ನು ನಾನೂ ಬೋರ್ಡಿನ ಮೇಲೆ ಬರೆದಿದ್ದೇನೆ, ಈಗ ನಾಚಿಕೆಯಾಗುತ್ತದೆ. ಯಾಕೆ ಗೊತ್ತಾ? ಹೃದಯದಿಂದ ಮೈಗೆ ಹೋಗುವ ಅಪಧಮನಿಯ "ಶುದ್ಧ" ರಕ್ತ 100 ಮಿಲಿ ತೆಗೆದುಕೊಳ್ಳಿ. ಆಕ್ಸಿಜನ್ 20 ಮಿಲಿ. ಕಾರ್ಬನ್ ಡೈಆಕ್ಸೈಡ್ 48 ಮಿಲಿ! ಶುದ್ಧ ಎನ್ನುವುದರಲ್ಲೇ ಅದು ಎರಡು ಪಟ್ಟಿಗಿಂತ ಜಾಸ್ತಿ. ಮೈಯಿಂದ ಹೃದಯಕ್ಕೆ ವಾಪಸ್ ತರುವ ಅಭಿಧಮನಿಗೆ ಬರುವಾಗ 52 ಆಗುತ್ತದೆ. ವ್ಯತ್ಯಾಸ ನಾಲ್ಕೇ ಮಿಲಿ. ಆ "ಅಶುದ್ಧ" ರಕ್ತದಲ್ಲಿ ಹಿಮೋಗ್ಲೋಬಿನ್ ಇನ್ನೂ ಮುಕ್ಕಾಲು ಭಾಗ ಆಕ್ಸಿಜನ್ ಹೊತ್ತೇ ಇರುತ್ತದೆ.

ಇನ್ನು ಕಾಫಿತೋಟದವರ ಪ್ರಶ್ನೆ. ಅದೇ ಕ್ಯಾನಿನಲ್ಲಿ ವಾಪಸ್ ಬರುತ್ತದೆಯೇ ಎಂದು. ಇಲ್ಲ. ಇದು ಎಲ್ಲರೂ ಮಾಡುವ ತಪ್ಪು. ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಕಬ್ಬಿಣದ ಪರಮಾಣು, ನಾಲ್ಕು ಜಾಗ. ಆ ಜಾಗ ಆಕ್ಸಿಜನ್ನಿಗೆ. ಕಾರ್ಬನ್ ಡೈಆಕ್ಸೈಡ್ ಅಲ್ಲಿ ಕೂರುವುದೇ ಇಲ್ಲ. 20-25% ಮಾತ್ರ ಹಿಮೋಗ್ಲೋಬಿನ್ನಿನ ಪ್ರೋಟೀನ್ ಭಾಗಕ್ಕೆ ಅಂಟಿಕೊಳ್ಳುತ್ತದೆ, ಕ್ಯಾನಿನ ಹಿಡಿಕೆಗೆ ಕಟ್ಟಿದ ಹಾಗೆ. 7% ಗೋಲಿ ಸೋಡಾದಲ್ಲಿ ಇರುವ ಹಾಗೆ ಕರಗಿರುತ್ತದೆ. ಮಿಕ್ಕ 70% ವೇಷ ಮರೆಸಿಕೊಂಡು ಹೋಗುತ್ತದೆ. ಯಾವ ವೇಷ ಹೇಳಿ ನೋಡೋಣ? ಸುಳಿವು: ನಿಮ್ಮ ಅಡುಗೆಮನೆಯಲ್ಲೇ ಇದೆ.

ಸೆಕೆಂಡ್ ಪಿಯು
ಬೈಕಾರ್ಬೊನೇಟ್ ಸರ್! ಅಡುಗೆ ಸೋಡಾ!!

ನಿವೃತ್ತ ಮೇಷ್ಟ್ರು
ಶಭಾಷ್. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ನಮ್ಮ ಪ್ಲಾಸ್ಮಾದಲ್ಲಿ ಓಡಾಡುವುದೂ ಅದೇ ಬೈಕಾರ್ಬೊನೇಟ್. ಈಗ ನಿಧಾನವಾಗಿ ಓದಿ.

ಸ್ನಾಯುವಿನಿಂದ ಕಾರ್ಬನ್ ಡೈಆಕ್ಸೈಡ್ ಬಂದು ಕೆಂಪು ಕಣದ ಒಳಗೆ ನುಗ್ಗುತ್ತದೆ. ಅಲ್ಲಿ ನೀರಿನ ಜೊತೆ ಸೇರಿ ಕಾರ್ಬೊನಿಕ್ ಆಮ್ಲ ಆಗುತ್ತದೆ. ಆಮ್ಲ ಒಡೆದು ಎರಡಾಗುತ್ತದೆ: ಒಂದು ಬೈಕಾರ್ಬೊನೇಟ್, ಇನ್ನೊಂದು ಹೈಡ್ರೋಜನ್ ಅಯಾನು. ಈ ಎರಡನೆಯದನ್ನು ಹುಳಿ ಎಂದು ಕರೆಯೋಣ, ಏಕೆಂದರೆ ನಿಂಬೆಯಲ್ಲಿ ಹುಳಿ ಎನ್ನುವುದು ಅದೇ. ಬೈಕಾರ್ಬೊನೇಟ್ ಕಣದಿಂದ ಹೊರಗೆ ಬಂದು ಪ್ಲಾಸ್ಮಾದಲ್ಲಿ ತೇಲುತ್ತದೆ. ಅದರ ಜಾಗಕ್ಕೆ ಕ್ಲೋರೈಡ್ ಒಳಗೆ ಹೋಗುತ್ತದೆ.

ಹುಳಿ ಏನಾಯಿತು? ಹಾಗೇ ಬಿಟ್ಟರೆ ರಕ್ತ ಹುಳಿಯಾಗಿ ಕಥೆ ಮುಗಿಯಿತು. ಅದನ್ನು ಹಿಮೋಗ್ಲೋಬಿನ್ ತನ್ನ ಮಡಿಲಿಗೆ ಹಾಕಿಕೊಳ್ಳುತ್ತದೆ. ಆಕ್ಸಿಜನ್ ಇಳಿಸಿದ ಹಿಮೋಗ್ಲೋಬಿನ್ನಿಗೆ ಹುಳಿಯ ಮೇಲೆ ಪ್ರೀತಿ ಜಾಸ್ತಿ. ಅಷ್ಟೇ ಅಲ್ಲ, ಹುಳಿ ಹತ್ತಿರ ಬಂದರೆ ಇನ್ನಷ್ಟು ಆಕ್ಸಿಜನ್ ಕೈಬಿಡುತ್ತದೆ. ಎಲ್ಲಿ ಕೆಲಸ ಜೋರಾಗಿದೆಯೋ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಅಲ್ಲೇ ಆಕ್ಸಿಜನ್ ಜಾಸ್ತಿ ಇಳಿಯುತ್ತದೆ. ಯಾರೂ ಹೇಳಿ ಕಳಿಸಬೇಕಿಲ್ಲ. 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು ಇದನ್ನು ಕಂಡುಕೊಂಡರು. ಪರಮಾಣುವಿನ ನೀಲ್ಸ್ ಬೋರ್ ಇದ್ದಾರಲ್ಲ, ಅವರ ಅಪ್ಪ.

ಈಗ ಶ್ವಾಸಕೋಶ. ಹೊಸ ಆಕ್ಸಿಜನ್ ಬಂದು ಕಬ್ಬಿಣಕ್ಕೆ ಕೂತ ಕೂಡಲೇ ಹಿಮೋಗ್ಲೋಬಿನ್ ಮಡಿಲಲ್ಲಿದ್ದ ಹುಳಿಯನ್ನು ಚೆಲ್ಲುತ್ತದೆ. ಬೈಕಾರ್ಬೊನೇಟ್ ಮತ್ತೆ ಕಣದೊಳಗೆ ಬರುತ್ತದೆ. ಸೋಡಾಗೆ ಹುಳಿ ಬಿತ್ತು. ಮುಂದೆ ಏನಾಗುತ್ತದೆ ಎಂದು ನಿಮ್ಮ ಅಮ್ಮನನ್ನು ಕೇಳಿ.

ಕಾಫಿತೋಟ
ಅಯ್ಯೋ ಉಕ್ಕುತ್ತದೆ! ಸೋಡಾಗೆ ನಿಂಬೆ ಹಿಂಡಿದ ಹಾಗೆ!

ನಿವೃತ್ತ ಮೇಷ್ಟ್ರು
ಉಕ್ಕಿ ಹೊರಬಂದ ಆ ಗಾಳಿಯೇ ನೀವು ಬಿಡುವ ಉಸಿರು. ರಕ್ತದಲ್ಲಿ ಗುಳ್ಳೆ ಏಳುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ, ಸದ್ದಿಲ್ಲದೆ ಪೊರೆ ದಾಟಿ ಹೋಗುತ್ತದೆ. ಒಳಗೆ ಎಳೆಯುವ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 0.04%, ಬಿಡುವುದರಲ್ಲಿ ಸುಮಾರು 4%.

ಆಕ್ಸಿಜನ್ ಹತ್ತಿದರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ ಎನ್ನುವ ಈ ಸಂಗತಿಗೆ ಹಾಲ್ಡೇನ್ ಪರಿಣಾಮ ಎನ್ನುತ್ತಾರೆ, 1914ರದ್ದು. ಜಾನ್ ಸ್ಕಾಟ್ ಹಾಲ್ಡೇನ್. ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅಪ್ಪ ಮಕ್ಕಳ ಕಥೆ ಈ ವಿಷಯದಲ್ಲಿ ಯಾಕೋ ಜಾಸ್ತಿ.

ಸೆಕೆಂಡ್ ಪಿಯು
ಸರ್, ಕ್ಲೋರೈಡ್ ಒಳಗೆ ಹೋಗುವುದಕ್ಕೆ ಹ್ಯಾಂಬರ್ಗರ್ ಪರಿಣಾಮ ಅಂತ ಗೈಡಿನಲ್ಲಿದೆ. ಕ್ಲಾಸಲ್ಲಿ ಎಲ್ಲರೂ ನಕ್ಕಿದ್ವಿ. ಮಿಸ್ ಬೈದರು.

ನಿವೃತ್ತ ಮೇಷ್ಟ್ರು
ಅದು ತಿನ್ನುವುದಲ್ಲ ಮಗು, ಡಚ್ ವಿಜ್ಞಾನಿಯ ಹೆಸರು. ನನ್ನ ಕ್ಲಾಸಿನಲ್ಲೂ ಪ್ರತಿ ವರ್ಷ ನಗುತ್ತಿದ್ದರು.

ಮಂಪರು ಡಾಕ್ಟರ್
ಮೇಷ್ಟ್ರು ಒಂದು ಮುಖ್ಯ ಪಾತ್ರ ಬಿಟ್ಟರು. ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ತಾವಾಗಿಯೇ ಸೇರುವುದು ಬಹಳ ನಿಧಾನ. ಶ್ವಾಸಕೋಶದ ಕೂದಲೆಳೆಯಂಥ ನಾಳದಲ್ಲಿ ಒಂದು ಕಣ ಇರುವುದು ಮುಕ್ಕಾಲು ಸೆಕೆಂಡ್. ಅಷ್ಟರಲ್ಲಿ ಎಲ್ಲ ಮುಗಿಯಬೇಕು. ಅದಕ್ಕೆ ಕೆಂಪು ಕಣದೊಳಗೆ ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ, ಅಂದರೆ ಈ ಕೆಲಸವನ್ನು ಚುರುಕು ಮಾಡುವ ಪ್ರೋಟೀನ್ ಇದೆ. ಅದರ ಒಂದೇ ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಕಾರ್ಬನ್ ಡೈಆಕ್ಸೈಡ್ ಅಣುಗಳನ್ನು ಬದಲಿಸಬಲ್ಲದು. 1933ರಲ್ಲಿ ಕೇಂಬ್ರಿಡ್ಜಿನಲ್ಲಿ ಸಿಕ್ಕಿತು.

ಕಾಫಿತೋಟ ಅವರೇ, ನಿಮ್ಮ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಕಾರ್ಬನ್ ಡೈಆಕ್ಸೈಡಿನ ಬಹುಪಾಲು ಪ್ಲಾಸ್ಮಾದಲ್ಲಿ ಹೋಗುವುದರಿಂದ, ರಕ್ತ ಕಡಿಮೆ ಇದ್ದವರಲ್ಲಿ ಅದು ಸಾಮಾನ್ಯವಾಗಿ ಕೂಡಿಕೊಳ್ಳುವುದಿಲ್ಲ. ಅಮ್ಮನಿಗೆ ಕೊರತೆ ಇರುವುದು ಆಕ್ಸಿಜನ್ನಿನದು ಮಾತ್ರ.

ಎರಡು ಚಕ್ರ
ಕಾರ್ಬೊನಿಕ್ ಅನ್‌ಹೈಡ್ರೇಸ್... ಈ ಹೆಸರು ಎಲ್ಲೋ ಓದಿದ್ದೇನೆ. ಹೋದ ವರ್ಷ ಬೈಕಿನಲ್ಲಿ ಲೇಹ್‌ಗೆ ಹೋಗಿದ್ದೆವು. ಮೊದಲ ದಿನ ಆಕ್ಸಿಮೀಟರ್ 86. ತಲೆನೋವು, ವಾಂತಿ. ಡಾಕ್ಟರು ಎತ್ತರದ ತೊಂದರೆಗೆ ಡೈಯಾಮಾಕ್ಸ್ ಮಾತ್ರೆ ಕೊಟ್ಟರು. ಬೆರಳೆಲ್ಲ ಜುಮ್ಮೆನ್ನುತ್ತಿತ್ತು. ಇನ್ನೊಂದು ವಿಚಿತ್ರ, ಯಾರೂ ನಂಬಲಿಲ್ಲ: ಅಲ್ಲಿ ಕುಡಿದ ಸೋಡಾ ಸಪ್ಪೆ. ಬಾಟಲಿ ಹೊಸದು, ಗುಳ್ಳೆ ಬರುತ್ತಿದೆ, ನಾಲಗೆಗೆ ಮಾತ್ರ ಚುರುಕ್ ಎನ್ನುವುದಿಲ್ಲ. ಅಂಗಡಿಯವನ ಜೊತೆ ಜಗಳ ಆಡಿದೆ.

ಮಂಪರು ಡಾಕ್ಟರ್
ಹಹ್ಹಾ! ಅಂಗಡಿಯವನಿಗೆ ಒಂದು ಕ್ಷಮೆ ಕೇಳಿ. ಡೈಯಾಮಾಕ್ಸ್ ಮಾಡುವುದೇ ಆ ಕಿಣ್ವವನ್ನು ತಡೆಯುವ ಕೆಲಸ. ನಮ್ಮ ನಾಲಗೆಯಲ್ಲೂ ಅದೇ ಕಿಣ್ವ ಇದೆ. ಸೋಡಾದ ಕಾರ್ಬನ್ ಡೈಆಕ್ಸೈಡನ್ನು ಹುಳಿ ಮಾಡಿ ತೋರಿಸುವುದು ಅದೇ. ಇಲಿಗಳಲ್ಲಿ ಇದನ್ನು 2009ರಲ್ಲಿ ತೋರಿಸಿದರು. ಕಿಣ್ವ ಮಲಗಿದರೆ ಸೋಡಾ ಸಪ್ಪೆ.

ಲೇಹ್ ಸುಮಾರು 3,500 ಮೀಟರ್ ಎತ್ತರ. ಅಲ್ಲಿಯ ಗಾಳಿಯಲ್ಲೂ ಆಕ್ಸಿಜನ್ ನೂರಕ್ಕೆ 21 ಪಾಲೇ, ಆದರೆ ಗಾಳಿಯ ಒತ್ತಡವೇ ಮೂರರಲ್ಲಿ ಎರಡು ಪಾಲು. ಕ್ಯಾನ್ ಅಷ್ಟೇ ಇವೆ, ತುಂಬುವ ನಲ್ಲಿಯಲ್ಲಿ ರಭಸ ಇಲ್ಲ. ಕಾಫಿತೋಟದ ಅಮ್ಮನ ಉಲ್ಟಾ ಕೇಸು ನಿಮ್ಮದು.

ದೇಹ ಏನು ಮಾಡುತ್ತದೆ? ಜೋರಾಗಿ ಉಸಿರಾಡುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತದ ಹುಳಿ ಕಡಿಮೆಯಾಗುತ್ತದೆ. ಮೆದುಳು "ಸಾಕು, ನಿಧಾನ" ಎಂದು ಬ್ರೇಕ್ ಹಾಕುತ್ತದೆ, ಮುಖ್ಯವಾಗಿ ರಾತ್ರಿ ನಿದ್ದೆಯಲ್ಲಿ. ಡೈಯಾಮಾಕ್ಸ್ ಮೂತ್ರಪಿಂಡದಲ್ಲಿ ಬೈಕಾರ್ಬೊನೇಟನ್ನು ಹೊರಗೆ ಹಾಕಿಸುತ್ತದೆ. ರಕ್ತ ಸ್ವಲ್ಪ ಹುಳಿ ಕಡೆಗೆ ತಿರುಗುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಹಾಗಂತ ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಕೊಳ್ಳಬೇಡಿ. ಕೆಲವರಿಗೆ ಆಗುವುದಿಲ್ಲ.

ಕರಾವಳಿ ಕಾಕಾ
ಉಸಿರಿನ ಮಾತು ಬಂತಲ್ಲ. ನಾವು ಹುಡುಗರಾಗಿದ್ದಾಗ ಹೊಳೆಗೆ ಹಾರುವ ಮುಂಚೆ ಇಪ್ಪತ್ತು ಸಲ ಜೋರಾಗಿ ಉಸಿರಾಡುತ್ತಿದ್ದೆವು. ಆಕ್ಸಿಜನ್ ತುಂಬಿಕೊಂಡರೆ ಜಾಸ್ತಿ ಹೊತ್ತು ಮುಳುಗಿರಬಹುದು ಅಂತ. ಆಗುತ್ತಿತ್ತು ಕೂಡ.

ಮಂಪರು ಡಾಕ್ಟರ್
ಕಾಕಾ, ನೀವು ಬದುಕಿ ಉಳಿದಿದ್ದು ಪುಣ್ಯ. ನಿಮ್ಮ ಕ್ಯಾನ್ ಮೊದಲೇ 98 ತುಂಬಿದ್ದವು, ಇನ್ನೆಷ್ಟು ತುಂಬುತ್ತೀರಿ? ಜೋರು ಉಸಿರಿನಿಂದ ಆಕ್ಸಿಜನ್ ಅಷ್ಟೇನೂ ಏರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. "ಉಸಿರಾಡು" ಎಂದು ಒದ್ದಾಡಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್. ಆ ಎಚ್ಚರಿಕೆ ಗಂಟೆಯನ್ನೇ ಕಿತ್ತು ನೀರಿಗೆ ಇಳಿದ ಹಾಗೆ. ಗಂಟೆ ಹೊಡೆಯುವ ಮುಂಚೆ ಆಕ್ಸಿಜನ್ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಮೊಮ್ಮಕ್ಕಳಿಗೆ ಇದನ್ನು ಕಲಿಸಬೇಡಿ.

ಕರಾವಳಿ ಕಾಕಾ
ಇಲ್ಲ ಮಾರಾಯ್ರೇ. ಇವತ್ತೇ ಹೇಳ್ತೇನೆ.

ಲ್ಯಾಬ್‌ನವಳು
ಡಾಕ್ಟ್ರೇ, ಆಕ್ಸಿಮೀಟರ್ ಮೋಸ ಹೋಗುವ ಇನ್ನೊಂದು ಜಾಗ ಇದೆಯಲ್ಲ, ಗ್ಯಾಸ್ ಗೀಸರ್. ಅದನ್ನೂ ಬರೆಯಿರಿ. ಚಳಿಗಾಲದಲ್ಲಿ ಸುದ್ದಿ ಬರುತ್ತಲೇ ಇರುತ್ತದೆ.

ಮಂಪರು ಡಾಕ್ಟರ್
ಹೌದು, ಬರೆಯಲೇಬೇಕು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ವಾಸನೆ ಇಲ್ಲ, ಬಣ್ಣ ಇಲ್ಲ. ಇದು ನೇರ ಕಬ್ಬಿಣದ ಜಾಗಕ್ಕೇ ಬಂದು ಕೂರುತ್ತದೆ. ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ. ಎಬ್ಬಿಸಿದರೂ ಏಳುವುದಿಲ್ಲ. ಮಿಕ್ಕ ಜಾಗದಲ್ಲಿರುವ ಆಕ್ಸಿಜನ್ನನ್ನೂ ಇಳಿಯಲು ಬಿಡುವುದಿಲ್ಲ.

ಆಕ್ಸಿಮೀಟರ್ ಎರಡು ಬೆಳಕು ಹಾಯಿಸಿ ಕೆಂಪು ಎಷ್ಟು ಎಂದು ನೋಡುತ್ತದೆ. 1974ರಲ್ಲಿ ಜಪಾನಿನ ತಕುವೊ ಅಓಯಾಗಿ ಕಂಡುಹಿಡಿದ ಉಪಾಯ ಅದು. ಇಡೀ ಜಗತ್ತು ಅವರ ಮೀಟರ್ ಹಿಡಿದು ಕೂತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಮೊನಾಕ್ಸೈಡ್ ಹಿಡಿದ ರಕ್ತವೂ ಕೆಂಪಗೇ ಇರುತ್ತದೆ. ಮನೆಯ ಮೀಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನುಷ್ಯ ಬಿದ್ದಿರುತ್ತಾನೆ, ಮೀಟರ್ 98 ಅನ್ನುತ್ತದೆ. ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬಿದ್ದವರನ್ನು ಮೊದಲು ಹೊರಗೆ ಎಳೆದು ತನ್ನಿ, ಆಮೇಲೆ ಆಸ್ಪತ್ರೆ. ಬರೀ ಗಾಳಿಯಲ್ಲಿ ಅರ್ಧ ಮೊನಾಕ್ಸೈಡ್ ಬಿಡಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ.

ಎರಡು ಚಕ್ರ
ನಮ್ಮ ಬಾಡಿಗೆ ಮನೆಯಲ್ಲಿ ಗೀಸರ್ ಒಳಗೇ ಇದೆ. ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿದ್ದೆ, ಚಳಿಗೆ. ಈಗ ಕಿತ್ತು ಬಂದೆ.

ಸೆಕೆಂಡ್ ಪಿಯು
ಒಂದು ಡೌಟು. ಕೆಂಪು ಕಣ ಇಷ್ಟು ಆಕ್ಸಿಜನ್ ಹೊರುತ್ತದಲ್ಲ, ದಾರಿಯಲ್ಲಿ ತಾನೇ ತಿಂದುಬಿಟ್ಟರೆ?

ನಿವೃತ್ತ ಮೇಷ್ಟ್ರು
ತಿನ್ನಲು ಅದಕ್ಕೆ ಬಾಯಿಯೇ ಇಲ್ಲ. ನಮ್ಮ ಕೆಂಪು ಕಣದಲ್ಲಿ ಆಕ್ಸಿಜನ್ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯ ಇಲ್ಲ, ಕೋಶಕೇಂದ್ರವೂ ಇಲ್ಲ. ಎಲ್ಲ ಸಾಮಾನು ಇಳಿಸಿ ಹಿಮೋಗ್ಲೋಬಿನ್ನಿಗೆ ಜಾಗ ಮಾಡಿಕೊಂಡಿದೆ. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್. ಹಾಲಿನ ವ್ಯಾನ್ ಡ್ರೈವರ್ ಹಾಲು ಕುಡಿಯದವನಾದರೆ ಡೇರಿಗೆ ಎಷ್ಟು ಲಾಭ ನೋಡು. ಸುಮಾರು 120 ದಿನ ಓಡುತ್ತದೆ, ಆಮೇಲೆ ಗುಜರಿ. ಗುಜರಿಯ ಕಬ್ಬಿಣ ಮಾತ್ರ ಮತ್ತೆ ಹೊಸ ಕಣಕ್ಕೆ ಹೋಗುತ್ತದೆ.

ಕಾಫಿತೋಟ (ಮುಂದಿನ ವಾರ, ಭಾನುವಾರ)
ಎಲ್ಲರಿಗೂ ಸುದ್ದಿ ಹೇಳಬೇಕು. ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯಲ್ಲಿ ಹುಣ್ಣು, ನೋವಿನ ಮಾತ್ರೆಯಿಂದ ಆಗಿದ್ದು. ಅಲ್ಲಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಸೋರುತ್ತಿತ್ತಂತೆ. ಆ ಮಾತ್ರೆ ನಿಲ್ಲಿಸಿದ್ದಾರೆ. ಹುಣ್ಣಿಗೆ ಔಷಧಿ, ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಟ್ಟರು, ಮುಂದಕ್ಕೆ ಮಾತ್ರೆ. ಕ್ಯಾನ್ ತಯಾರಾಗಲು ವಾರಗಟ್ಟಲೆ ಬೇಕು, ಅವಸರ ಮಾಡಬೇಡಿ ಅಂದರು.

ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ ಎಂದಾಗ ಅಮ್ಮನ ಮುಖ ನೋಡಬೇಕಿತ್ತು. ಕಾಫಿ ಬೆಳೆಯುವವಳಿಗೆ ಕಾಫಿ ಬೇಡ ಎಂದರೆ ಹೇಗೆ? ಈಗ ನಿಂಬೆ ಶರಬತ್ತಿನ ಜೊತೆ ಮಾತ್ರೆ, ಎರಡು ಗಂಟೆ ಬಿಟ್ಟು ಕಾಫಿ ಎಂದು ರಾಜಿಯಾಗಿದೆ.

ಲ್ಯಾಬ್‌ನವಳು
ತುಂಬಾ ಖುಷಿಯಾಯಿತು. ಬೇರೆಯವರಿಗೂ ಹೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ. ಎಲ್ಲರ ಮನೆಯಲ್ಲೂ ಆಕ್ಸಿಮೀಟರ್ ಇದೆ, ಹಿಮೋಗ್ಲೋಬಿನ್ ನೋಡಿಸಿದವರು ಕಡಿಮೆ.

ಕಾಫಿತೋಟ
ನಿನ್ನೆ ಅಮ್ಮನಿಗೆ ಮೇಷ್ಟ್ರ ಪಾಠ ಹೇಳಿದೆ. ಲೋಟದಲ್ಲಿ ಸೋಡಾಪುಡಿ ಹಾಕಿ ನಿಂಬೆ ಹಿಂಡಿ ತೋರಿಸಿದೆ. "ಇದಕ್ಕೆ ಇಷ್ಟು ಓದಬೇಕಾ, ನಾನು ನಲವತ್ತು ವರ್ಷದಿಂದ ನೋಡ್ತಿದ್ದೀನಿ" ಅಂದಳು. ಆಮೇಲೆ ಕೇಳಿದಳು, ಮೇಷ್ಟ್ರೇ ನೀವೇ ಉತ್ತರ ಕೊಡಿ: ನಿಂಬೆ ಬದಲು ಹುಳಿ ಮಜ್ಜಿಗೆ ಹಾಕಿದರೂ ಉಕ್ಕುತ್ತದಲ್ಲ, ಅದೂ ಇದೇನಾ?

ನಿವೃತ್ತ ಮೇಷ್ಟ್ರು
ಇದೇ. ಹುಳಿ ಯಾವುದಾದರೂ ಸರಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.